ಒಂಬತ್ತು ದೇಶ ಮತ್ತು ಒಂದು ತೊಟ್ಟಿಲು

ಹೊಸಬರ ಪರಿಚಯವಾದರೆ ಉಳಿದವರು ಯಾವೂರು, ಏನು ಕೆಲಸ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ನಾನು ಅವರ ಹೆಸರನ್ನು ಮನಸ್ಸಿನಲ್ಲೇ ಒಂದು ಸುತ್ತು ಯುರೋಪಿಗೆ ಕಳಿಸಿ ವಾಪಸು ಕರೆಸಿಕೊಳ್ಳುತ್ತೇನೆ. ಮೊನ್ನೆ ನಮ್ಮ ಪಕ್ಕದ ಬೀದಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಮನೆಗೆ ಬಂದು, "ನಾನು ಲತಾ" ಅಂದಳು. "ಬಾರವಾ, ಕೂಡು" ಅಂದದ್ದು ನನ್ನ ಬಾಯಿ. ತಲೆಯೊಳಗೆ ಮಾತ್ರ 'ಸ್ಪೇನಿನಲ್ಲಿ ತಗಡಿನ ಡಬ್ಬಿ, ಪೋಲೆಂಡಿನಲ್ಲಿ ವರ್ಷಗಳು, ಸ್ವೀಡನ್ನಿನಲ್ಲಿ ಸೋಮಾರಿಗಳು' ಎಂದು ಪಟ್ಟಿ ಓಡುತ್ತಿತ್ತು. ಪಾಪ, ಅವಳು ಅರ್ಧ ಗಂಟೆ ಕೂತು ತನ್ನ ಕಷ್ಟಸುಖ ಹೇಳಿಕೊಂಡಳು. ಅದರಲ್ಲಿ ನನಗೆ ನೆನಪಿರುವುದು ಇಷ್ಟೇ, ಚಹಾಕ್ಕೆ ಸಕ್ಕರೆ ಬೇಡ ಅಂದಳು.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ, ಸಂಬಳ ಕೊಟ್ಟು ಕಲಿಸಿದ್ದು. 2003ರಿಂದ ನಾಲ್ಕೈದು ವರ್ಷ ನಾನು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸಿನಲ್ಲಿ, ಹುಲ್ಲು ಕತ್ತರಿಸಿ ಕಾರಂಜಿ ಇಟ್ಟ ಆಫೀಸ್ ಪಾರ್ಕೊಂದರ ಎರಡನೇ ಮಹಡಿಯಲ್ಲಿ ಕೆಲಸ ಮಾಡಿದೆ. ನಮ್ಮದು ಹದಿನಾಲ್ಕು ಜನರ ಪುಟ್ಟ ಕಂಪನಿ. ಅಮೆರಿಕದವರು ಯಾವುದಾದರೂ ಸಾಮಾನನ್ನು ಯುರೋಪಿನಲ್ಲಿ ಮಾರಬೇಕೆಂದರೆ, ಅದಕ್ಕೆ ಇಟ್ಟ ಹೆಸರು ಅಲ್ಲಿ ಯಾವ ದೇಶದಲ್ಲೂ ಮಾನ ಕಳೆಯುವುದಿಲ್ಲ ಎಂದು ಮೊದಲೇ ನೋಡಿ ಹೇಳುವುದು ನಮ್ಮ ಧಂದೆ. ಒಂಬತ್ತು ದೇಶಗಳಲ್ಲಿ ನಮ್ಮ ಒಂಬತ್ತು ಮಂದಿ ಇದ್ದರು. ಸಂಜೆ ಇಲ್ಲಿಂದ ನಾನು ಹೆಸರು ಈಮೇಲ್ ಮಾಡಿ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಬರುವಷ್ಟರಲ್ಲಿ ಒಂಬತ್ತೂ ಉತ್ತರ ಬಂದಿರುತ್ತಿದ್ದವು. ಅವನ್ನು ಎಕ್ಸೆಲ್ ಶೀಟಿಗೆ ಹಾಕಿ ಬಣ್ಣ ಬಳಿಯುವುದು ನನ್ನ ಕೆಲಸ. ತೊಂದರೆಯಿಲ್ಲದ್ದಕ್ಕೆ ಹಸಿರು, ಅನುಮಾನಕ್ಕೆ ಹಳದಿ, ಬೇಡವೇ ಬೇಡ ಅನ್ನುವುದಕ್ಕೆ ಕೆಂಪು. ಒಂದು ದೇಶ ಕೆಂಪಾದರೆ ಹೆಸರೇ ಕೆಂಪು, ಅದು ಆಫೀಸಿನ ಕಾನೂನು.

ನನಗೆ ಯುರೋಪಿನ ಭಾಷೆಗಳ ಗಂಧವೂ ಇರಲಿಲ್ಲ. ಇಂಗ್ಲಿಷೊಂದು ಬರುತ್ತಿತ್ತು, ಅದನ್ನೂ ಗದಗಿನಲ್ಲಿ ಕಲಿತದ್ದು. ಇಂಟರ್‌ವ್ಯೂನಲ್ಲಿ ನಮ್ಮ ಬಾಸ್ ಡಯೇನ್ "ಎಷ್ಟು ಭಾಷೆ ಬರುತ್ತೆ?" ಎಂದು ಕೇಳಿದಳು. ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷು, ಹೈಸ್ಕೂಲಿನ 'ರಾಮಃ ರಾಮೌ ರಾಮಾಃ' ಎಲ್ಲ ಸೇರಿಸಿ ಐದು ಅಂದೆ. ಐದು ಎಂಬ ಅಂಕಿಗೇ ಆಕೆ ಮರುಳಾದಳು. ಯಾವ ಐದು ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ನಾನೂ ಹೇಳಲಿಲ್ಲ.

ಸೇರಿದ ಮೊದಲ ವಾರವೇ ಕೈಗೆ ಹಚ್ಚುವ ಕ್ರೀಮಿನದೊಂದು ಪೆಟ್ಟಿಗೆ ಬಂತು. ಹಬ್ಬಕ್ಕೆ ಉಡುಗೊರೆ ಕೊಡಲೆಂದು ಮಾಡಿದ್ದು, ಮೇಲೆ ಬಂಗಾರದ ಅಕ್ಷರದಲ್ಲಿ ದೊಡ್ಡದಾಗಿ 'ಗಿಫ್ಟ್' ಎಂದಿತ್ತು. ಜರ್ಮನಿಯವನು ಬರೆದ, 'ನಮ್ಮಲ್ಲಿ ಇದಕ್ಕೆ ವಿಷ ಎಂದರ್ಥ. ಕೈಗೆ ಯಾರು ಹಚ್ಚಿಕೊಳ್ಳುತ್ತಾರೆ?' ಸ್ವೀಡನ್ನಿನ ಹೆಂಗಸು ಯಾವಾಗಲೂ ಒಂದೇ ಸಾಲು ಬರೆಯುವವಳು. ಆಕೆ ಬರೆದಿದ್ದಳು, 'ನಮ್ಮಲ್ಲಿ ವಿಷ ಎಂದೂ ಆಗುತ್ತದೆ, ಮದುವೆಯಾದವರು ಎಂದೂ ಆಗುತ್ತದೆ.' ಮನೆಗೆ ಬಂದು ಇದನ್ನು ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಸ್ವೀಡನ್ನಿನವ್ರು ಭಾಳ ವಿಚಾರ ಮಾಡಿ ಭಾಷಾ ಕಟ್ಯಾರ" ಅಂದರು. ಆ ದಿನ ಅವರಿಗೆ ರಾತ್ರಿಯ ಅನ್ನಕ್ಕೆ ತುಪ್ಪ ಬೀಳಲಿಲ್ಲ.

ಆಮೇಲೆ ಇಂಥವು ಬರುತ್ತಲೇ ಇದ್ದವು. ಇಟಲಿಯವನು 'ಬುರ್ರೋ' ಅಂದರೆ ಬೆಣ್ಣೆ ಅಂದ, ಅದೇ ಅಕ್ಷರಗಳನ್ನು ನೋಡಿ ಸ್ಪೇನಿನವಳು ಕತ್ತೆ ಅಂದಳು. ಬೆಣ್ಣೆ ಬಿಸ್ಕತ್ತಿಗೆ ಆ ಹೆಸರಿಟ್ಟಿದ್ದರೆ ಅರ್ಧ ಯುರೋಪು ಕತ್ತೆ ಕಡಿಯಬೇಕಾಗುತ್ತಿತ್ತು. ಇಂಗ್ಲಿಷಿನ 'ಮೋಸ್ಟ್' ಅನ್ನು ಪೋಲೆಂಡಿನವನಿಗೆ ತೋರಿಸಿದರೆ ಸೇತುವೆ ಅನ್ನುತ್ತಿದ್ದ. ಬರೆಯುವುದು ಒಂದೇ ರೀತಿ, ಅರ್ಥ ಮಾತ್ರ ಊರಿಗೊಂದು. ನನಗೆ ಇದೊಂದು ಹುಚ್ಚೇ ಹಿಡಿಯಿತು. ಒಂದು ಉದ್ದ ನೋಟ್‌ಬುಕ್ಕು ತಂದು ಬರೆದುಕೊಳ್ಳತೊಡಗಿದೆ.

ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲಿ ಯಾಸ್ನಾ ಎಂಬವಳಿದ್ದಳು. ಕ್ರೊಯೇಷಿಯಾದವಳು, ನನ್ನಷ್ಟೇ ವಯಸ್ಸು, ನನಗಿಂತ ಜೋರು ನಗು. ಕ್ರೊಯೇಷಿಯಾ ನಮ್ಮ ಒಂಬತ್ತು ದೇಶಗಳ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಗೋಡೆಯಾಚೆಯಿಂದ ಬಗ್ಗಿ ನೋಡಿ ಅವಳು ಹತ್ತನೆಯ ತೀರ್ಪು ಕೊಡದೆ ಬಿಡುತ್ತಿರಲಿಲ್ಲ. ಮೊದಲ ದಿನ ನನ್ನ ಕುರ್ಚಿಯ ಹಿಂದೆ 'ರೂಪಾ' ಎಂದು ಬೋರ್ಡು ಹಾಕಿದ್ದನ್ನು ನೋಡಿದವಳೇ ಬಿದ್ದು ಬಿದ್ದು ನಕ್ಕಳು. ಅವರ ಭಾಷೆಯಲ್ಲಿ ರೂಪಾ ಅಂದರೆ ತಗ್ಗು, ಗುಂಡಿ. "ನಮ್ಮೂರ ರಸ್ತೆ ತುಂಬಾ ನೀನೇ ಇದೀಯ, ಮಳೆ ಬಂದರೆ ನಿನ್ನೊಳಗೆ ನೀರು ನಿಲ್ಲುತ್ತೆ" ಅಂದಳು. ಗದಗಿನ ಶೆಟ್ಟರ ಓಣಿಯಲ್ಲಿ ರೂಪವತಿ ಎಂದು ಮೆರೆದವಳು ಹೀಗೆ ಏಳು ಸಮುದ್ರದಾಚೆ ಬಂದು ಗುಂಡಿಯಾದೆ.

ಈ ಸುದ್ದಿಯನ್ನು ನಾನೇ ಹೆಮ್ಮೆಯಿಂದ ವಾಲ್‌ನಟ್ ಎಂಬ ಊರಿನಲ್ಲಿ, ಕನ್ನಡದವರು ಮನೆಗೊಂದು ಅಡಿಗೆ ತಂದು ಕೂಡಿ ಉಣ್ಣುವ ಒಂದು ಪಾಟ್‌ಲಕ್ಕಿನಲ್ಲಿ ಹೇಳಿದ್ದು ತಪ್ಪಾಯಿತು. ಅಲ್ಲಿ ಒಂದು ಚಿಕ್ಕ ಜೋಡಿ ಇತ್ತು, ಹೆಂಡತಿಗೆ ಏಳು ತಿಂಗಳು. ಮಗಳಾದರೆ ಇರಾ ಎಂದು ಇಡುವುದಾಗಿ ನಿಶ್ಚಯ ಮಾಡಿಕೊಂಡಿದ್ದರು. ನಾನು ಚಿತ್ರಾನ್ನದ ತಟ್ಟೆ ಹಿಡಿದುಕೊಂಡೇ, "ಇರಾ? ಸ್ಪೇನು, ಇಟಲಿ ಎರಡರಾಗೂ ಸಿಟ್ಟು ಅಂತ ಅರ್ಥ" ಅಂದುಬಿಟ್ಟೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೂರು ತಿಂಗಳ ನಂತರ ಅವರ ಮಗಳಿಗೆ ಅನನ್ಯಾ ಎಂದು ಹೆಸರಾಯಿತು, ನನಗೆ ಒಂದು ಡಬ್ಬಿ ಮೈಸೂರುಪಾಕು ಬಂತು.

ಅಲ್ಲಿಂದ ಶುರುವಾಯಿತು ನೋಡಿ. ಸ್ಯಾನ್ ಡಿಯೆಗೊದಿಂದ ಹಿಡಿದು ಇತ್ತ ನಮ್ಮ ವುಡ್‌ಲ್ಯಾಂಡ್ ಹಿಲ್ಸಿನವರೆಗೆ ಯಾವ ಕನ್ನಡದ ಮನೆಯಲ್ಲಿ ಬಸುರಿ ಇದ್ದರೂ ನನಗೆ ಫೋನು. "ರೂಪಾ ಆಂಟಿ, ಒಂದ್ ಹೆಸ್ರು ಚೆಕ್ ಮಾಡ್ಬೇಕಿತ್ತು, ಟೈಮ್ ಇದ್ಯಾ?" ಆಫೀಸಿನ ಪಟ್ಟಿಯ ಕೊನೆಗೆ ಒಂದು ಹೆಸರು ಸೇರಿಸಿ, ಮುಂದೆ 'ಇದು ಸ್ವಂತಕ್ಕೆ' ಎಂದು ಬರೆದು ಕಳಿಸುತ್ತಿದ್ದೆ. ಡಯೇನ್ ನೋಡಿಯೂ ನೋಡದಂತಿದ್ದಳು. ಗೀತಾ ಇಟಲಿಯಲ್ಲಿ ಪಿಕ್‌ನಿಕ್ಕಿಗೆ ಹೋದಳು. ಕಲಾ ಫಿನ್‌ಲ್ಯಾಂಡಿನಲ್ಲಿ ಮೀನಾದಳು. ತಾರಾಳಿಗೆ ಸ್ಪೇನಿನಲ್ಲಿ ಐಬು ಕಂಡಿತು. ವೀಣಾ ಯಾಸ್ನಾಳ ಊರಿನಲ್ಲಿ ದ್ರಾಕ್ಷಾರಸವಾಗಿದ್ದು, ಚೆಕ್ ದೇಶ ಮುಟ್ಟುವಷ್ಟರಲ್ಲಿ ಅಪರಾಧವಾಗಿದ್ದಳು. ರಾಮನನ್ನೂ ನಾನು ಬಿಡಲಿಲ್ಲ. ಅವನು ಸ್ಪೇನಿನಲ್ಲಿ ಮರದ ಕೊಂಬೆ, ಪೋಲೆಂಡಿನಲ್ಲಿ ಚೌಕಟ್ಟು. ಜನ ನನ್ನ ಮಾತು ಕೇಳುತ್ತಿದ್ದರು. ಕೇಳಿದಷ್ಟೂ ನನಗೆ ಕೊಂಬು ಬರುತ್ತಿತ್ತು.

ನನಗೆ ಎದುರು ಮಾತಾಡಿದವರು ಒಬ್ಬರೇ, ವಾಲ್‌ನಟ್ಟಿನ ಸರೋಜಾ ಆಂಟಿ. ಧಾರವಾಡದವರು, ಅರವತ್ತರ ಮೇಲಿನವರು, ಮಗನ ಮನೆಗೆ ಬಂದು ಹತ್ತು ವರ್ಷವಾಗಿತ್ತು. ನಮ್ಮ ಕಡೆಯ ಮನೆಗಳ ಸೀಮಂತ, ತೊಟ್ಟಿಲು, ಮದುವೆಯ ಶಾಸ್ತ್ರಗಳಿಗೆಲ್ಲ ಅವರದೇ ಯಜಮಾನಿಕೆ. ಒಮ್ಮೆ ಎಲ್ಲರ ಎದುರೇ ಕೇಳಿದರು, "ಅಲ್ಲವಾ ರೂಪಾ, ಕೂಸು ಹುಟ್ಟೋದು ಕ್ಯಾಲಿಫೋರ್ನಿಯಾದಾಗ. ಇಡೋರು ಧಾರವಾಡದವ್ರು. ನಡುವ ಆ ಫಿನ್‌ಲ್ಯಾಂಡಿನವಂದೇನು ಕೆಲಸ? ಅಂವ ಬಂದು ತೊಟ್ಟಿಲಾ ತೂಗತಾನೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಸುಧಾರಿಸಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯಲ್ಲೇ ತೊಟ್ಟಿಲು ಕಟ್ಟುವ ಕಾಲ ಬಂತು. ನನ್ನ ತಮ್ಮ ಶ್ರೀಧರ ಸ್ಯಾನ್ ಡಿಯೆಗೊದಲ್ಲಿ ಇಂಜಿನಿಯರು. ಅಲ್ಲಿನ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಹೊಸ ಮನೆ ಕೊಂಡಿದ್ದ, ಎದುರಿನ ಮನೆಗಳಿಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಅವನ ಹೆಂಡತಿ ವಿದ್ಯಾ ಬೆಂಗಳೂರಿನವಳು, ಮೆತ್ತನೆಯ ಮಾತಿನ ಹುಡುಗಿ. ನನ್ನನ್ನು ರೂಪಕ್ಕ ಅನ್ನುತ್ತಿದ್ದಳು. ಅವಳು ನಾಲ್ಕು ತಿಂಗಳ ಬಸುರಿಯಿದ್ದಾಗ ಊರಿನಲ್ಲಿ ಅವಳ ತಾಯಿ ಹೋಗಿಬಿಟ್ಟರು. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವಳಿಗೆ ಹೋಗಲಾಗಲಿಲ್ಲ. ಫೋನಿನಲ್ಲೇ ಎಲ್ಲ ಮುಗಿಯಿತು. ಹೆರಿಗೆಗೆ ಬರಬೇಕಾಗಿದ್ದವರು ಅವರೇ. ಅವರ ಬದಲಿಗೆ ಸರೋಜಾ ಆಂಟಿ ತಮ್ಮ ಪೆಟ್ಟಿಗೆ ಕಟ್ಟಿಕೊಂಡು ಬಾಣಂತನಕ್ಕೆ ಬಂದು ಕೂತರು. "ತಾಯಿಲ್ಲದ ಹುಡುಗಿ, ನಾ ಹೋಗದ ಇನ್ಯಾರು ಹೋಗಬೇಕು" ಅಂದರು.

ಹೆಣ್ಣು ಕೂಸು ಹುಟ್ಟಿತು. ಇಲ್ಲಿ ಆಸ್ಪತ್ರೆಯಿಂದ ಹೊರಡುವ ಮೊದಲೇ ಹೆಸರು ಬರೆದುಕೊಡಿ ಎಂದು ಫಾರಂ ಹಿಡಿದು ನಿಲ್ಲುತ್ತಾರೆ. ಶ್ರೀಧರ ಆ ಹೆಂಗಸಿಗೆ, "ಹೆಸರಿಡೋದು ನಮ್ಮ ಅಕ್ಕ, ಅಕ್ಕ ಇನ್ನೂ ಇಟ್ಟಿಲ್ಲ" ಎಂದು ವಿವರಿಸಿದನಂತೆ. ಆಕೆ ಬೇಕಾದಷ್ಟು ಸಲ ಕಣ್ಣು ಪಿಳುಕಿಸಿ ಕೊನೆಗೆ ಹೆಸರಿನ ಜಾಗದಲ್ಲಿ 'ಬೇಬಿ ಗರ್ಲ್' ಎಂದು ಬರೆದು ಕಳಿಸಿದಳು. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ತಂದೆತಾಯಿ ಏನು ಬೇಕಾದರೂ ಆರಿಸಲಿ, ಅವಳ ಬಾಯಿಂದ ಬಿದ್ದದ್ದೇ ಹೆಸರು. ಅತ್ತೆಯಾಗುವುದೆಂದರೆ ನನಗೆ ಪಟ್ಟಾಭಿಷೇಕವಾದಂತಿತ್ತು. ಹಕ್ಕೂ ನನ್ನದು, ವಿದ್ಯೆಯೂ ನನ್ನದು.

ಮೂರನೆಯ ದಿನ ಶ್ರೀಧರ ಫೋನು ಮಾಡಿದ. "ಅಕ್ಕಾ, ವಿದ್ಯಾ ಒಂದು ಹೆಸರು ಹೇಳ್ಯಾಳ. ಮಾಲಾ ಅಂತ. ಹೆಂಗದ?"

"ಚೆಕ್ ಮಾಡಿ ಹೇಳ್ತೇನಿ ತಡಿ," ಅಂದೆ.

"ಚೆಕ್ ಮಾಡಬೇಕೇನು?"

"ಮಾಡಬಾರದೇನು? ನಮ್ಮ ಕೂಸಿಗೇ ಮಾಡ್ಲಿಲ್ಲಂದ್ರ ಇನ್ಯಾರಿಗೆ ಮಾಡಬೇಕು?"

ಒಂಬತ್ತು ದೇಶಕ್ಕೆ ಕಳಿಸಿದೆ. ಬೆಳಿಗ್ಗೆ ಉತ್ತರಗಳು ಬಂದಿದ್ದವು. ಸ್ಪೇನಿನವಳು 'ಕೆಟ್ಟವಳು' ಅಂದಿದ್ದಳು. ಪೋರ್ಚುಗಲ್ಲಿನವನು 'ಸೂಟ್‌ಕೇಸು' ಅಂದಿದ್ದ. ಯಾಸ್ನಾ ಗೋಡೆಯಾಚೆಯಿಂದ ಬಗ್ಗಿ ನೋಡಿ, "ಮಾಲಾ! ನಮ್ಮಲ್ಲಿ ಚಿಕ್ಕವಳು ಅಂತ. ನಮ್ಮಜ್ಜಿ ನನ್ನನ್ನ ಇವತ್ತಿಗೂ ಹಾಗೇ ಕರೆಯೋದು" ಎಂದಳು. ಯಾಸ್ನಾಳ ದೇಶ ಪಟ್ಟಿಯಲ್ಲಿ ಇರಲಿಲ್ಲವಲ್ಲ, ಹಾಗಾಗಿ ಅದನ್ನು ಬರೆದುಕೊಳ್ಳಲೇ ಇಲ್ಲ. ಇನ್ನು ಸ್ಪ್ಯಾನಿಷ್ ಕೇಳಲು ಸ್ಪೇನಿಗೆ ಹೋಗಬೇಕೇ? ಸ್ಯಾನ್ ಡಿಯೆಗೊದಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರೆ ಮೆಕ್ಸಿಕೊ. ಹುಡುಗಿಯ ಶಾಲೆಯಲ್ಲಿ ಅರ್ಧ ಮಕ್ಕಳು ಸ್ಪ್ಯಾನಿಷ್ ಆಡುವವರು. ಕೆಟ್ಟವಳೇ ಬಾ, ಕೆಟ್ಟವಳೇ ಕೂಡು ಎಂದು ಕರೆಯಿಸಿಕೊಳ್ಳುವ ಕರ್ಮ ಯಾಕೆ? ಇಡೀ ಸಾಲಿಗೆ ಕೆಂಪು ಬಳಿದೆ. ಕೆಳಗೆ ದಪ್ಪಕ್ಷರದಲ್ಲಿ 'ರಿಜೆಕ್ಟ್' ಎಂದು ಹಾಕಿ, ಗಿರಾಕಿಗಳಿಗೆ ಕಳಿಸುವಂತೆಯೇ ತಮ್ಮನಿಗೂ ವಿದ್ಯಾಳಿಗೂ ಕಳಿಸಿದೆ.

ವಿದ್ಯಾ ಎರಡು ದಿನ ಬಿಟ್ಟು ಉತ್ತರ ಬರೆದಳು. 'ಪರವಾಗಿಲ್ಲ ರೂಪಕ್ಕ. ನೀವೇ ಯಾವುದಾದ್ರೂ ಒಳ್ಳೆ ಹೆಸರು ಹೇಳಿ' ಎಂದು ಒಂದೇ ಸಾಲು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಕೇಳಿದ್ದಕ್ಕೆ ಉತ್ಸಾಹದಿಂದ ಹನ್ನೊಂದು ಹೆಸರು ಆರಿಸಿ ಒಂಬತ್ತು ದೇಶಕ್ಕೆ ಕಳಿಸಿದೆ. ಒಂಬತ್ತೂ ದೇಶಗಳಲ್ಲಿ ಹಸಿರು ಬಂದದ್ದು ಒಂದೇ, ಧೃತಿ. ಹಸಿರು ಬರಲು ಕಾರಣವೇನೆಂದರೆ ಒಂಬತ್ತೂ ಜನಕ್ಕೆ ಅದನ್ನು ಉಚ್ಚರಿಸಲು ಆಗಲಿಲ್ಲ. 'ಅರ್ಥವಿಲ್ಲ, ಹೇಳಲೂ ಬರುವುದಿಲ್ಲ' ಎಂದು ಫ್ರಾನ್ಸಿನವನು ಬರೆದ. ಅದೇ ಆಗಲಿ ಎಂದು ಶ್ರೀಧರ ಹೇಳಿದ. ಕೇಕಿನ ಮೇಲೆ ಬರೆಸಲೂ ಕೊಟ್ಟ.

ತೊಟ್ಟಿಲಿನ ಶಾಸ್ತ್ರ ಹನ್ನೆರಡನೆಯ ದಿನ ಆಗಬೇಕು. ಅದು ಬುಧವಾರ ಬಂದಿತ್ತು. ಅಮೆರಿಕದಲ್ಲಿ ಎಲ್ಲ ಶಾಸ್ತ್ರಗಳಿಗೂ ಶನಿವಾರವೇ ಮುಹೂರ್ತವಾದ್ದರಿಂದ ಹದಿನೈದಕ್ಕೆ ಇಟ್ಟುಕೊಂಡೆವು. ಕುಲಾವಿ, ಅಂಗಿ, ಹಸಿರು ಸೀರೆ, ಕಡಲೆ ಎಲ್ಲ ಕಾರಿನ ಡಿಕ್ಕಿಗೆ ತುಂಬಿಕೊಂಡು ನಾನೂ ನಮ್ಮ ಯಜಮಾನರೂ ನಸುಕಿನಲ್ಲೇ ಹೊರಟು, 405 ಹೆದ್ದಾರಿಯಲ್ಲಿ ಟ್ರಾಫಿಕ್ ಇಲ್ಲದ ಪುಣ್ಯಕ್ಕೆ ಎಂಟೂವರೆಗೆ ಫೋರ್ ಎಸ್ ರ್ಯಾಂಚ್ ಮುಟ್ಟಿದೆವು.

ಅಡಿಗೆ ಮನೆಯಲ್ಲಿ ಸರೋಜಾ ಆಂಟಿ ಗುಗ್ಗರಿಗೆ ಕಡಲೆ ಬೇಯಿಸಲು ಇಟ್ಟಿದ್ದರು. ವಿದ್ಯಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತು ಕೊಬ್ಬರಿ ಹೆರೆಯುತ್ತಿದ್ದಳು. ನಾನು ಬೆಲ್ಲ ಪುಡಿ ಮಾಡುತ್ತಿದ್ದೆ.

"ಅಲ್ಲ ವಿದ್ಯಾ," ಆಂಟಿ ಕೇಳಿದರು, "ತೊಟ್ಟಿಲ ಹಾಡಿನ್ಯಾಗ ಕೂಸಿನ ಅಜ್ಜಿ ಹೆಸರು ಸೇರಿಸಿ ಹಾಡಬೇಕು. ನಿಮ್ಮ ತಾಯಿ ಹೆಸರೇನವಾ?"

"ಮಾಲತಿ," ಅಂದಳು ವಿದ್ಯಾ. ಹೆರೆಯುವುದನ್ನು ನಿಲ್ಲಿಸಲಿಲ್ಲ. "ಮನೇಲಿ ಮಾತ್ರ ಎಲ್ರೂ ಮಾಲಾ ಅಂತಿದ್ರು."

ಕುಟ್ಟುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಆ ತಾಯಿಯನ್ನು ನಾನು ನೋಡಿರಲಿಲ್ಲವೇ? ಶ್ರೀಧರನ ಮದುವೆಯಲ್ಲಿ ಮೂರು ದಿನ ಅವರ ಜೊತೆಗೇ ಉಂಡಿದ್ದೆ, ಅವರು ಕಟ್ಟಿಕೊಟ್ಟ ಹೂವು ಮುಡಿದಿದ್ದೆ. ಆಮೇಲೂ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೆ. ಹೆಸರು? ನಾನು ಅವರನ್ನು ಆಂಟಿ ಅಂದೆ. ನಮ್ಮವ್ವ ಬೀಗಿತ್ತಿ ಅಂದಳು. ಶ್ರೀಧರ ಅತ್ತೆ ಅಂದ. ಮದುವೆಯ ಕರೆಯೋಲೆಯಲ್ಲಿ 'ಶ್ರೀಮತಿ ಮತ್ತು ಶ್ರೀ ನಾಗರಾಜ್' ಎಂದು ಅಚ್ಚಾಗಿತ್ತು. ಈ ಮನೆಯ ಪಡಸಾಲೆಯಲ್ಲಿ ಹಾರ ಹಾಕಿಟ್ಟ ಅವರ ಫೋಟೋದ ಕೆಳಗೂ ಹೆಸರಿರಲಿಲ್ಲ. ನಮ್ಮಲ್ಲಿ ಹಿರಿಯ ಹೆಂಗಸರನ್ನು ಹೆಸರು ಹಿಡಿದು ಕರೆಯುವುದುಂಟೇ? ಕರೆಯದ ಮೇಲೆ ಕೇಳುವುದೂ ಇಲ್ಲ. ಒಂಬತ್ತು ದೇಶಗಳಲ್ಲಿ ಯಾವ ಹೆಸರಿಗೆ ಏನು ಅರ್ಥ ಎಂದು ನೋಟ್‌ಬುಕ್ಕು ತುಂಬಿಸಿದ ನನಗೆ, ನನ್ನ ತಮ್ಮನ ಅತ್ತೆಯ ಹೆಸರು ಗೊತ್ತಿರಲಿಲ್ಲ. ಅವರ ಹೆಸರಿಗೆ ಕೆಂಪು ಬಳಿದು, ರಿಜೆಕ್ಟ್ ಎಂದು ದಪ್ಪಕ್ಷರದಲ್ಲಿ ಬರೆದು, ತಾಯಿ ಸತ್ತು ಆರು ತಿಂಗಳೂ ತುಂಬದ ಬಾಣಂತಿಗೆ ಕಳಿಸಿದ್ದೆ.

ಹಿತ್ತಲಲ್ಲಿ ಕುರ್ಚಿ ಜೋಡಿಸುತ್ತಿದ್ದ ಶ್ರೀಧರನನ್ನು ಹೋಗಿ ಹಿಡಿದೆ. "ಯಾಕ ಹೇಳ್ಲಿಲ್ಲ ನನಗ?"

"ವಿದ್ಯಾನ ಬ್ಯಾಡ ಅಂದಿದ್ಲು. ಅವ್ವನ ಹೆಸರು ಅಂತ ಹೇಳಿದ್ರ ಅಕ್ಕ ಮುಲಾಜಿಗೆ ಒಪ್ತಾರ, ಹೆಸರು ಅವರಿಗೆ ಹಂಗ ಇಷ್ಟ ಆಗಬೇಕು ಅಂದ್ಲು." ಒಂದು ಕುರ್ಚಿ ಬಿಡಿಸಿಟ್ಟು ನನ್ನ ಮುಖ ನೋಡಿದ. "ನಿನ್ನ ಶೀಟ್ ಬಂದ ದಿನ ಭಾಳ ಅತ್ಲು ಅಕ್ಕಾ."

ಒಳಗೆ ಬಂದು ವಿದ್ಯಾಳ ಎದುರು ನೆಲದ ಮೇಲೇ ಕೂತೆ. "ವಿದ್ಯಾ, ನನ್ನ ತಪ್ಪಾತು. ಮಾಲಾ ಅಂತನ ಇಡೋಣ."

"ಬೇಡ ರೂಪಕ್ಕ," ಅಂದಳು. "ನೀವು ಹೇಳಿದ್ದು ಸರೀನೇ. ಇಲ್ಲಿ ಸ್ಕೂಲಲ್ಲಿ ಮಕ್ಕಳು ರೇಗಿಸಿದ್ರೆ ಇವಳು ಬಂದು ನನ್ನ ಕೇಳ್ತಾಳೆ, ಯಾಕಮ್ಮ ಈ ಹೆಸ್ರಿಟ್ಟೆ ಅಂತ. ನಾನೇನ್ ಹೇಳ್ಲಿ? ಕೇಕ್ ಬೇರೆ ಬಂದಾಗಿದೆ. ಹೆಸರಿಡೋದು ನಿಮ್ಮ ಹಕ್ಕು, ನೀವು ಧೃತಿ ಅಂತಾನೇ ಇಡಿ." ಮಾತಿನಲ್ಲಿ ಒಂದಿಷ್ಟೂ ಒರಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ಕಾಲು ಹಿಡಿಯಬಹುದಿತ್ತು.

ಮಕ್ಕಳು ರೇಗಿಸುವ ಮಾತು ಬಂದಿದ್ದರಿಂದ ಹೇಳುತ್ತೇನೆ. ನಮ್ಮ ಗದಗಿನ ಶಾಲೆಯಲ್ಲಿ ಒಂದು ಮಗುವಿಗೂ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಆದರೂ ನಾನು ಏಳನೆಯ ಇಯತ್ತೆಯವರೆಗೆ 'ರೂಪಾಯಿ' ಆಗಿದ್ದೆ. ಕಡ್ಡಿಯಂತೆ ಇದ್ದೆನಾದ್ದರಿಂದ ಕೆಲವರು ಚಿಲ್ಲರೆ ಮಾಡಿ 'ಎಂಟಾಣೆ' ಅನ್ನುತ್ತಿದ್ದರು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಪಲ್ಲವಿಯನ್ನು ಪಲ್ಯ ಅಂದರು. ಹಾಜರಿ ಕರೆಯುವಾಗ ಮಾಸ್ತರರು "ಪಲ್ಲವಿ" ಅಂದರೆ, ಪಲ್ಯಕ್ಕೆ ರೊಟ್ಟಿ ಬೇಕಲ್ಲ, ಹಿಂದಿನ ಸಾಲಿನಿಂದ "ಭಕ್ಕರಿ" ಎಂದು ದನಿ ಬರುತ್ತಿತ್ತು. ಗಣಪತಿಗೆ ಸೊಂಡಿಲು ಎಳೆದರು, ಹನುಮಂತನಿಗೆ ಬಾಲ ಹಚ್ಚಿದರು. ಯಾವ ಹೆಸರೂ ಉಳಿದಿರಲಿಲ್ಲ. ನಾನು ಅತ್ತುಕೊಂಡು ಮನೆಗೆ ಬಂದರೆ ಅವ್ವ ಸೆರಗಿನಲ್ಲಿ ಮೂಗು ಒರೆಸಿ, "ಅವರಿಗೇನು ಗೊತ್ತವಾ, ಅದು ನಿಮ್ಮಜ್ಜಿ ಹೆಸರು" ಅನ್ನುತ್ತಿದ್ದಳು. ಅಷ್ಟು ಕೇಳಿದರೆ ನನ್ನ ಅಳು ನಿಲ್ಲುತ್ತಿತ್ತು. ನನ್ನ ಹೆಸರು ಯಾರೋ ಒಬ್ಬರದು ಅನ್ನುವುದರಲ್ಲಿ ಅದೇನೋ ಧೈರ್ಯವಿತ್ತು. ಧೃತಿ ಯಾರ ಹೆಸರು? ಒಂಬತ್ತು ದೇಶದಲ್ಲಿ ಯಾರದೂ ಅಲ್ಲ, ನಮ್ಮ ಮನೆಯಲ್ಲೂ ಯಾರದೂ ಅಲ್ಲ.

ಹನ್ನೊಂದಕ್ಕೆ ಜನ ಸೇರಿದರು. ಅಂಗಡಿಯಿಂದ ತಂದ ಮರದ ತೊಟ್ಟಿಲಿಗೆ ಹಸಿರು ಸೀರೆ ಸುತ್ತಿದ್ದೆವು. ಕೂಸಿನ ಜೊತೆಗೆ ತೊಟ್ಟಿಲ ಕೆಳಗೆ ದಾಟಿಸಲು ಗುಂಡುಕಲ್ಲು ಬೇಕಲ್ಲ, ಅದಕ್ಕೆ ಶ್ರೀಧರ ಮೆಕ್ಸಿಕನ್ ಅಂಗಡಿಯಿಂದ ಚಟ್ನಿ ಅರೆಯುವ ಕಲ್ಲು ತಂದಿದ್ದ. ಆಂಟಿ ಅದಕ್ಕೂ ಕುಲಾವಿ ತೊಡಿಸಿ ಕುಂಕುಮ ಹಚ್ಚಿ ಗುಂಡಪ್ಪ ಎಂದು ಕರೆದರು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಕ್ಕಳು ಬಗ್ಗಿ ಬಗ್ಗಿ ಗುಂಡಪ್ಪನನ್ನು ನೋಡಿ, ತಮ್ಮ ತಮ್ಮೊಳಗೆ ಇಂಗ್ಲಿಷಿನಲ್ಲಿ ಇದು ಕೂಸಿನ ಅಣ್ಣನೋ ತಮ್ಮನೋ ಎಂದು ಜಗಳಕ್ಕೆ ಬಿದ್ದಿದ್ದರು. 'ಮಾಲತವ್ವನ ಮೊಮ್ಮಗಳ ತೂಗಿರೆ' ಎಂದು ಆಂಟಿ ಹಾಡಿದಾಗ ವಿದ್ಯಾ ತಲೆ ತಗ್ಗಿಸಿಕೊಂಡೇ ಇದ್ದಳು.

"ಎಲ್ಲಿ ಅತ್ತಿ? ಬಾರವಾ, ನಿನ್ನ ಕೆಲಸ ಮುಗಸು," ಎಂದು ಆಂಟಿ ಕರೆದರು. ಅತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಕುರ್ರ್ ಅನ್ನಬೇಕು. ಅನ್ನುತ್ತಿದ್ದ ಹಾಗೆ ಸುತ್ತಲಿನ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಬಹಳ ಹಿಂದಿನಿಂದ ಅತ್ತೆಯಂದಿರು ಗುದ್ದಿಸಿಕೊಳ್ಳುತ್ತಾ ಬಂದಿದ್ದಾರೆ.

ತೊಟ್ಟಿಲಿಗೆ ಬಗ್ಗಿದೆ. ಕೂಸು ಮುಷ್ಟಿ ಕಟ್ಟಿಕೊಂಡು ನಿದ್ದೆ ಮಾಡುತ್ತಿತ್ತು. ಬೇಡ ಅಂದವಳ ಮಾತು ಮೀರುತ್ತಿದ್ದೇನೆ, ಈ ಸಲವೂ ತಪ್ಪಾದರೆ ಇವಳು ನನ್ನ ಮುಖ ನೋಡುವುದಿಲ್ಲ ಎಂದು ಹೆದರಿಕೆಯಾಯಿತು. ಆದರೂ ಆ ಪುಟ್ಟ ಕಿವಿಯ ಹತ್ತಿರ ಬಾಯಿ ತಂದು, "ಮಾಲಾ, ಕುರ್ರ್" ಅಂದೆ. ಮೂರು ಸಲ ಅಂದೆ. ಬೆನ್ನ ಮೇಲೆ ದಬದಬ ಬಿದ್ದವು. ಇರಾ ಆಗಬೇಕಿದ್ದ ಅನನ್ಯಾಳ ತಾಯಿಯೂ ಆ ಗುಂಪಿನಲ್ಲಿದ್ದಳು, ಅವಳದು ಸ್ವಲ್ಪ ಜೋರಾಗಿಯೇ ಇತ್ತು.

"ಏನಂತ ಇಟ್ಟಿ? ಎಲ್ಲಾರಿಗೂ ಕೇಳೂ ಹಂಗ ಹೇಳು," ಅಂದರು ಆಂಟಿ.

"ಮಾಲಾ," ಅಂದೆ.

ಕೇಕಿನ ಹತ್ತಿರ ನಿಂತಿದ್ದ ಶ್ರೀಧರ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಏನೂ ಆಗದವನಂತೆ ಚಾಕು ತೆಗೆದುಕೊಂಡು ಕೇಕಿನ ಮೇಲಿನ ಧೃತಿಯನ್ನು ಕೆರೆಯತೊಡಗಿದ. ವಿದ್ಯಾ ತಟ್ಟನೆ ಎದ್ದು ನಿಂತಳು. "ಬಾಣಂತಿ ಏಳಬಾರ್ದವಾ," ಎಂದು ಆಂಟಿ ಕೈ ಹಿಡಿದರು. ಕೈ ಬಿಡಿಸಿಕೊಂಡು ನನ್ನ ಹಿಂದೆ ಬಂದಳು. ತೊಟ್ಟಿಲು ಹಿಡಿದು ಬಗ್ಗಿಯೇ ಇದ್ದೆ ನಾನು, ಏಳಲು ಧೈರ್ಯವಾಗಲಿಲ್ಲ.

ಬೆನ್ನಿಗೆ ಒಂದು ಗುದ್ದು ಬಿತ್ತು. ಶಾಸ್ತ್ರದ್ದಲ್ಲ, ನಿಜವಾದದ್ದು. "ಇದು ನಮ್ಮಮ್ಮನ್ನ ಕೆಟ್ಟೋಳು ಅಂದಿದ್ದಕ್ಕೆ," ಎಂದು ನನಗಷ್ಟೇ ಕೇಳುವ ಹಾಗೆ ಅಂದಳು. ಇನ್ನೊಂದು ಬಿತ್ತು. "ಇದು ಸೂಟ್‌ಕೇಸ್ ಅಂದಿದ್ದಕ್ಕೆ." ಅಂದವಳ ದನಿಯಲ್ಲಿ ಅಳುವೂ ಇತ್ತು, ನಗುವೂ ಇತ್ತು. ಮೂರನೆಯದಕ್ಕೆ ನಾನು ಹಲ್ಲು ಕಚ್ಚಿ ಕಾದೆ. ಅದು ಬೀಳಲಿಲ್ಲ. ಅವಳ ಅಂಗೈ ಬಂದು ನನ್ನ ಬೆನ್ನ ಮೇಲೆ ಕೂತಿತು, ಬಹಳ ಹೊತ್ತು ಅಲ್ಲೇ ಇತ್ತು.